ತಡಿ ಎಂದರೆ ನಿಲ್ಲುತ್ತಿದ್ದ ಲಾಂಚ್

ಕರೆಂಟು ಹೋಯಿತು. ಹಿಂದೆ ಎಲ್ಲೋ ಜನರೇಟರ್ ಗುಡುಗುಟ್ಟಿ ಹತ್ತಿಕೊಂಡಿತು. ಕಿಟಕಿಯಿಂದ ಡೀಸೆಲ್ ಹೊಗೆ ಒಳಗೆ ಬಂತು. ಸಾಗರದ ಒಂದು ಸಭಾಂಗಣ. ಸಹಕಾರಿ ಸಂಘಗಳಿಗೆ ಹೊಸದಾಗಿ ಸೇರಿದ ಮ್ಯಾನೇಜರುಗಳಿಗೆ ಎರಡು ದಿನದ ತರಬೇತಿ. ಒಂದು ಕಾಲದಲ್ಲಿ ಕಚೇರಿ ನಡೆಸಿದವನು ಎಂಬ ಕಾರಣಕ್ಕೆ ನನ್ನನ್ನೂ ಕರೆಸಿದ್ದರು. ತರಬೇತುದಾರ ಬಿಳಿ ಬೋರ್ಡಿನ ಮೇಲೆ ‘ಒಳ್ಳೆಯ ನಾಯಕನ ಗುಣಗಳು’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದ. ಹುಡುಗರು ಒಂದೊಂದೇ ಹೇಳುತ್ತಿದ್ದರು. ಧೈರ್ಯ. ದೂರದೃಷ್ಟಿ. ತಕ್ಷಣ ನಿರ್ಧಾರ ತೆಗೆದುಕೊಳ್ಳುವ ಶಕ್ತಿ.

“ಸರ್, ನಿಮ್ಮ ಅನುಭವದಲ್ಲಿ?” ಎಂದು ಆತ ನನ್ನ ಕಡೆ ತಿರುಗಿದ.

ಆ ಡೀಸೆಲ್ ವಾಸನೆಗೆ ಕಾಲ ಕೆಳಗಿನ ನೆಲ ಹಲಗೆಯಾಯಿತು, ಹಲಗೆಯ ಕೆಳಗೆ ನೀರು, ನೀರಿನ ಕೆಳಗೆ... ನಾಳೆ ಹೇಳುತ್ತೇನೆ ಎಂದು ಎದ್ದು ಹೊರಗೆ ಬಂದೆ.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಶರಾವತಿಗೆ ಅಣೆಕಟ್ಟು ಕಟ್ಟಿ ನೀರು ನಿಂತ ಮೇಲೆ ತುಮರಿ ಕಡೆಯ ನಾವು ಸಾಗರಕ್ಕೆ ಹೋಗಬೇಕೆಂದರೆ ಲಾಂಚ್ ಹತ್ತಬೇಕಾಗಿತ್ತು. ಅದರಲ್ಲಿ ಟಿಕೆಟ್ ಕೊಡುವ ಕೆಲಸ ನನ್ನದು. ಲಾಂಚ್ ನಡೆಸುತ್ತಿದ್ದವರು ಘಟ್ಟದ ಕೆಳಗಿನವರು, ಸಮುದ್ರದಲ್ಲಿ ದೋಣಿ ನಡೆಸಿ ಬಂದವರು. ಕರಾವಳಿಯಲ್ಲಿ ದೋಣಿಯ ಮುಖ್ಯಸ್ಥನನ್ನು ಕರೆಯುವ ಹಾಗೆ ನಾವೂ ಅವರನ್ನು ತಾಂಡೇಲರು ಎನ್ನುತ್ತಿದ್ದೆವು. ಕುಳ್ಳಗಿದ್ದರು. ಎತ್ತರವಿದ್ದರು ಎಂದು ನನ್ನ ತಂಗಿ ವಾದಿಸುತ್ತಾಳೆ. ಅವರ ಮುಖ ನನಗೆ ಪೂರ್ತಿ ನೆನಪಿಲ್ಲ; ಚುಕ್ಕಾಣಿಯ ಚಕ್ರ ಹಿಡಿದ ಕೈ ಮಾತ್ರ ನೆನಪಿದೆ.

ಲಾಂಚಿನ ಮೂತಿಯಲ್ಲಿ ಉದ್ದನೆಯ ಬಿದಿರಿನ ಗಳ ಹಿಡಿದು ನಿಲ್ಲುತ್ತಿದ್ದವನು ಗಳದಣ್ಣ. ಅವನ ಗೇಣಿ ಗದ್ದೆ, ಮನೆ, ಕೊಟ್ಟಿಗೆ ಎಲ್ಲ ಆ ನೀರಿನ ಕೆಳಗೇ ಇದ್ದವು. ಹತ್ತಿರದ ದಾರಿಯಲ್ಲಿ ಹೋದರೆ ಲಾಂಚ್ ಅವನ ಮುಳುಗಿದ ಊರಿನ ಮೇಲೆಯೇ ಹಾಯುತ್ತಿತ್ತು. ಅಲ್ಲಿ ಅವನು ನೀರಿಗೆ ಗಳ ಇಳಿಬಿಟ್ಟು ಕೂಗುತ್ತಿದ್ದ. “ಇದು ಗದ್ದೆ ಬಯಲು, ಹೋಗ್ಲಿ... ಎಡಕ್ಕೆ ಎಳ್ಕಳಿ, ಹೊನ್ನೆ ಮರ ಐತೆ... ಈಗ ನಮ್ಮ ಕೊಟ್ಟಿಗೆ, ಸೂರು ಬಿಚ್ಚಿದೀವಿ, ಹೋಗ್ಲಿ.” ಅವನ ಮಾತಿನಂತೆ ಚಕ್ರ ತಿರುಗುತ್ತಿತ್ತು. ಕಾಣದ ಊರಿನ ಮೇಲೆ, ಒಬ್ಬನ ನೆನಪನ್ನು ನಂಬಿ, ಅಷ್ಟು ಜನ ದಾಟುತ್ತಿದ್ದೆವು. ಬೇಸಿಗೆಯಲ್ಲಿ ನೀರು ಇಳಿದಂತೆ ಒಣಗಿದ ಮರಗಳ ತುದಿಗಳು ಮೇಲಕ್ಕೆ ಬರುತ್ತಿದ್ದವು. ಕಂಡ ಮರಗಳ ಭಯ ಇರಲಿಲ್ಲ. ಇನ್ನೂ ಕಾಣದೆ ಕೆಳಗೇ ನಿಂತವುಗಳದ್ದೇ ಭಯ. ಬಡಿದರೆ ಹಲಗೆ ಸೀಳುತ್ತದೆ, ಹತ್ತಿದವರಲ್ಲಿ ಈಜು ಬಲ್ಲವರು ಯಾರೂ ಇಲ್ಲ.

ನಾನು ಕೆಲಸಕ್ಕೆ ಸೇರಿದ ದಿನ ತಾಂಡೇಲರು ಹೇಳಿದ್ದು ಇಷ್ಟೇ: “ತಮಾ, ನಂಗೆ ಸಮುದ್ರ ಗೊತ್ತು, ಈ ನೀರು ಗೊತ್ತಿಲ್ಲ. ಇದ್ರ ಅಡಿಗೆ ಎಂತ ಅದೆ ಅಂತ ನಿಮಗೇ ಗೊತ್ತು. ನಿಮ್ಮಲ್ಲಿ ಯಾರಿಗೆ ಅನುಮಾನ ಬಂದ್ರೂ ‘ತಡಿ’ ಅನ್ನಿ. ನಾ ನಿಲ್ಲಿಸ್ತೆ. ಯಾಕೆ ಅಂತ ಕೇಳೂದಿಲ್ಲ.”

ಹಾಗೇ ಆಗುತ್ತಿತ್ತು. ತೇಲಿ ಬಂದ ಬುಟ್ಟಿಗೆ ನಿಂತದ್ದಿದೆ, ನೀರುಕಾಗೆಗೆ ನಿಂತದ್ದಿದೆ. ಪ್ರಯಾಣಿಕರು ಬಿಡುತ್ತಿದ್ದರೇ? “ತಾಂಡೇಲ್ರೇ, ಮೀನು ರಸ್ತೆ ದಾಟ್ತಿತ್ತಾ?” ಎಂದು ಒಬ್ಬ ಕಿಚಾಯಿಸಿದರೆ, “ಹೌದು ಮಾರಾಯ, ಸಂಸಾರ ಸಮೇತ ಹೊರಟಿತ್ತು. ಪಾಪ, ಬಸ್ ಇಲ್ಲ ಅದ್ಕೆ” ಎನ್ನುತ್ತಿದ್ದರು. ಒಮ್ಮೆ ನಾನೇ ಮೋಡದ ನೆರಳು ಕಂಡು “ತಡಿ” ಎಂದು ಚೀರಿದ್ದೆ. ಜನ ನಕ್ಕ ನಗುವಿಗೆ ನನ್ನ ಕಿವಿ ಬಿಸಿಯಾಗಿತ್ತು. ದಡ ಸೇರಿದ ಮೇಲೆ ಅವರು ಹತ್ತಿರ ಬಂದು, “ಇನ್ನೊಂದ್ಸಲ ಹಂಗೇ ಕಂಡ್ರೆ ಹಂಗೇ ಕೂಗು” ಎಂದರು. ಬೇರೇನೂ ಇಲ್ಲ.

ಆ ವರ್ಷ ನನ್ನ ತಂಗಿಗೆ ಎಸ್.ಎಸ್.ಎಲ್.ಸಿ. ಪರೀಕ್ಷೆ. ಸಾಗರದಲ್ಲಿ ಉಳಿಯಲು ನಮಗೆ ನೆಂಟರಿರಲಿಲ್ಲ. ಬೆಳಗಿನ ಲಾಂಚಿಗೆ ಹೋಗಿ ಸಂಜೆ ಬರಬೇಕು. ಹೆಣ್ಣುಮಕ್ಕಳನ್ನು ಅಷ್ಟು ಓದಿಸಿದ್ದೇ ಹೆಚ್ಚು ಎಂಬುದು ಅಪ್ಪನ ಲೆಕ್ಕ. “ಒಂದೇ ಸಲ ಕಳಿಸ್ತೀನಿ. ಆಗ್ಲಿಲ್ಲ ಅಂದ್ರೆ ಮನೇಲಿರು” ಎಂದು ಅವಳೆದುರಿಗೇ ಹೇಳಿದ್ದರು. ಟೀಚರ್ ಆಗಬೇಕೆಂದು ಅವಳ ಆಸೆ. ಅವಳಿಗಿಂತ ಹೆಚ್ಚು ನಾನು ಹೆದರಿದ್ದೆ. ಗಣಿತದ ದಿನ ಬೆಳಿಗ್ಗೆ ಅವಳು ಹಾಲ್ ಟಿಕೆಟ್ಟನ್ನು ಜಾಮಿಟ್ರಿ ಬಾಕ್ಸಿನಲ್ಲಿಟ್ಟು, ಮತ್ತೆ ತೆಗೆದು ನೋಡಿ, ಮತ್ತೆ ಇಡುತ್ತಿದ್ದಳು. ಆ ಡಬ್ಬಿಯ ಟಕ್ ಟಕ್ ಶಬ್ದ ಈಗಲೂ...

ದಟ್ಟ ಮಂಜು ಬಿದ್ದಿತ್ತು. ಬಿದ್ದಿತ್ತೇ? ಇದನ್ನು ಹಿಂದೆ ಯಾರಿಗೋ ಹೇಳುವಾಗ ಕಥೆಗೆ ಬೇಕೆಂದು ಮಂಜು ಸೇರಿಸಿದೆನೋ ಎಂಬ ಸಂಶಯ ನನಗಿದೆ. ಆದರೆ ಲಾಂಚ್ ತಡವಾಗಿ ಹೊರಟಿದ್ದು ನಿಜ, ಆ ತಡಕ್ಕೆ ಬೇರೆ ಕಾರಣ ನನಗೆ ಹೊಳೆಯುವುದಿಲ್ಲ. ಪರೀಕ್ಷೆಯ ಮಕ್ಕಳು, ಅವರನ್ನು ಕರೆದೊಯ್ಯುತ್ತಿದ್ದ ಮೇಷ್ಟ್ರು, ಹಾಲಿನ ಕ್ಯಾನುಗಳು. ಗುಡ್ಡ ಬಳಸಿ ಹೋದರೆ ಆಚೆ ದಡದ ಬಸ್ಸು ಸಿಗುವುದಿಲ್ಲ. ತಾಂಡೇಲರು ಗಳದಣ್ಣನನ್ನು ಕೇಳಿದರು, ಅವನು ತಲೆಯಾಡಿಸಿದ. ಹತ್ತಿರದ ದಾರಿ ಹಿಡಿದೆವು.

ಗದ್ದೆ ಬಯಲು ದಾಟಿತು. ಹೊನ್ನೆ ಮರ ದಾಟಿತು. ಕೊಟ್ಟಿಗೆ ದಾಟಿತು. “ಈಗ ನಮ್ಮ ಕಣ, ಎಂತದೂ ಇಲ್ಲ, ಹೋಗ್ಲಿ” ಎಂದ ಗಳದಣ್ಣ. ದಿನವೂ ಹೇಳುವ ಮಾತೇ. ಮರುಕ್ಷಣ ಅವನ ದನಿ ಬೇರೆಯಾಗಿ ಬಂತು.

“ತಡಿ.”

ಇಂಜಿನ್ ನಿಂತಿತು. ನೀರು ಹಲಗೆಗೆ ತಟ್ಟುವ ಸದ್ದೊಂದೇ.

ನಾನು ಮುಂದಕ್ಕೆ ಓಡಿದೆ. “ಎಂತ ಕಾಣ್ತು ಗಳದಣ್ಣ?”

“ಎಂತದೂ ಕಂಡಿಲ್ಲ.”

“ಗಳಕ್ಕೆ ಸಿಕ್ತಾ?”

“ಇಲ್ಲ.”

“ಮತ್ತೆಂತಕ್ಕೆ ಮಾರಾಯ!”

ಅವನು ಗಳವನ್ನು ಇನ್ನೊಮ್ಮೆ ನೀರಿಗೆ ಇಳಿಬಿಟ್ಟ. ಹಿಂದಿನಿಂದ ಮೇಷ್ಟ್ರು ಎದ್ದು ನಿಂತು ಕೂಗಾಡಿದರು. “ಇದೇನು ತಮಾಷೆ ಕಣ್ರೀ! ಮಕ್ಕಳ ಭವಿಷ್ಯ ಇದು. ನಡೀರಿ, ನಡೀರಿ!” ತಂಗಿ ಕೂತಲ್ಲಿಂದ ಗಳದಣ್ಣನ ಕಡೆಯೇ ನೋಡುತ್ತಿದ್ದಳು. ಡಬ್ಬಿಯ ಸದ್ದು ನಿಂತಿತ್ತು. ನಾನು ತಾಂಡೇಲರ ಬಳಿ ಹೋಗಿ ಬೇಡಿಕೊಂಡೆ. “ಅವನೇ ಎಂತದೂ ಕಂಡಿಲ್ಲ ಅಂತಾನೆ. ಹೋಗಾಣ್ರೀ, ತಂಗಿ ಪರೀಕ್ಷೆ.”

“ಅವ ತಡಿ ಅಂದ” ಎಂದರು. ಲಾಂಚನ್ನು ನಿಧಾನ ಹಿಂದಕ್ಕೆ ತೆಗೆದು, ಗುಡ್ಡ ಬಳಸುವ ದಾರಿಗೆ ತಿರುಗಿಸಿದರು.

ಬಸ್ಸು ಹೋಗಿತ್ತು. ಮಕ್ಕಳನ್ನು ಸೌದೆ ಲಾರಿಯೊಂದಕ್ಕೆ ಹತ್ತಿಸಿದೆವು. ತಡವಾಗಿ ಹೋದವರನ್ನು ಪರೀಕ್ಷೆಗೆ ಒಳಗೇನೋ ಬಿಟ್ಟರಂತೆ, ಹೆಚ್ಚಿನ ಸಮಯ ಕೊಡಲಿಲ್ಲವಂತೆ. ಫಲಿತಾಂಶ ಬಂದಾಗ ತಂಗಿ ಗಣಿತ ಒಂದರಲ್ಲಿ ಫೇಲು. ಅಪ್ಪ ಆಡಿದ ಮಾತು ಬದಲಿಸಲಿಲ್ಲ. ವರ್ಷ ತಿರುಗುವುದರೊಳಗೆ ಅವಳನ್ನು ಹೊಸನಗರದ ಕಡೆ ಕೊಟ್ಟಾಯಿತು.

ಆ ಸಂಜೆ ಗಳದಣ್ಣ ದಡದಲ್ಲಿ ಕೂತು ಗಳ ಒರೆಸುತ್ತಿದ್ದ. ಬೈಯಲೆಂದೇ ಹೋಗಿದ್ದೆ. ನಾನು ಬಾಯಿ ತೆಗೆಯುವ ಮೊದಲೇ ಅವನು ಶುರುಮಾಡಿದ. “ಕಣದ ಅಂಚಿಗೆ ಒಂದು ಹಲಸಿನ ಮರ ಇತ್ತು. ಊರು ಬಿಡೋವಾಗ ನಮ್ಮವ್ವ ಹಠ ಮಾಡಿದ್ಳು, ಅದು ಜೀವ ಇದ್ದಂಗೇ ನೀರಲ್ಲಿ ನಿಂತು ಕೊಳೀಬಾರ್ದು, ಕಡ್ದು ಬಾ ಅಂತ. ಹೋದೆ, ಕೊಡಲಿ ಹಾಕ್ದೆ. ಬಂದು ಕಡ್ದೆ ಅಂದೆ. ಅವ್ವ ಅದನ್ನೇ ನಂಬ್ಕಂಡು ತೀರ್ಕಂಡ್ಳು.” ಗಳ ತಿರುಗಿಸಿ ಇನ್ನೊಂದು ಬದಿ ಒರೆಸಿದ. “ಇವತ್ತು ‘ಎಂತದೂ ಇಲ್ಲ’ ಅಂದೆ ನೋಡು, ಆವಾಗ ಅನ್ನಿಸ್ತು... ಕಡ್ದಿದ್ದು ಹೌದಾ? ಅವ್ವಂಗೆ ಹೇಳೀ ಹೇಳೀ ನಂಗೂ ಅದೇ ನಿಜ ಆಗೋಯ್ತಾ? ಮರ ಬಿದ್ದ ಸದ್ದು ನೆನಪಿಗೆ ಬರ್ತಾನೇ ಇಲ್ಲ.”

“ತಾಂಡೇಲರು ಕೇಳಿದ್ರಾ?”

“ಇಲ್ಲ. ಊಟ ಮಾಡಿದ್ಯಾ ಅಂತ ಕೇಳಿದ್ರು.”

ಮೇಷ್ಟ್ರು ದೂರು ಕೊಟ್ಟರು. ವಿಚಾರಣೆಗೆ ಬಂದ ಅಧಿಕಾರಿಯ ಎದುರು ನಾನೂ ನಿಂತಿದ್ದೆ. ಅಲ್ಲಿ ಏನಿತ್ತು ಎಂದು ಕೇಳಿದರು. ಗೊತ್ತಿಲ್ಲ ಎಂದರು ತಾಂಡೇಲರು. ನಿಲ್ಲಿಸಲು ಹೇಳಿದವರು ಯಾರು? “ಚಕ್ರ ನನ್ನ ಕೈಲಿತ್ತು. ನಿಲ್ಲಿಸಿದ್ದು ನಾನೇ.” ಮಳೆಗಾಲಕ್ಕೆ ಮೊದಲೇ ಅವರನ್ನು ಕೆಲಸದಿಂದ ಬಿಡಿಸಿ ಘಟ್ಟದ ಕೆಳಗೆ ಕಳಿಸಿದರು.

ಹೋಗುವ ದಿನ ನಮ್ಮ ಮನೆಗೆ ಬಂದಿದ್ದರು. ಕೂರಲಿಲ್ಲ. ಜಗಲಿಯ ಕೆಳಗೇ ನಿಂತು ತಂಗಿಯನ್ನು ಕರೆದು, “ತಂಗೀ, ಸಿಟ್ಟು ಬಂದ್ರೆ ನನ್ನ ಮೇಲೆ ಇಟ್ಕೋ. ಗಳ ಹಿಡ್ದವನ ಮೇಲೆ ಬೇಡ. ನಾಳೆ ಅವ ತಡಿ ಅನ್ಲಿಕ್ಕೆ ಹೆದ್ರಿದ್ರೆ ಕಷ್ಟ” ಎಂದರು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನೂ ಅವರನ್ನು ಕಳಿಸಲು ದಡದವರೆಗೆ ಹೋಗಲಿಲ್ಲ.

ಆ ಬೇಸಿಗೆಯಲ್ಲಿ ಮಳೆ ಬೇಗ ಹಿಡಿಯಿತು. ಕಣದ ಜಾಗ ಕಾಣುವಷ್ಟು ನೀರು ಇಳಿಯಲೇ ಇಲ್ಲ. ಮುಂದಿನ ಬೇಸಿಗೆಗೆ ನಾನು ತೀರ್ಥಹಳ್ಳಿಯಲ್ಲಿ ಗುಮಾಸ್ತನಾಗಿದ್ದೆ. ಒಣಗಿದ ಹಲಸಿನ ಮರವೊಂದು ನೀರಿನಿಂದ ಎದ್ದು ನಿಂತ ಚಿತ್ರ ನನ್ನ ತಲೆಯಲ್ಲಿದೆ. ಬುಡದಲ್ಲಿ ಕೊಡಲಿಯ ಗಾಯವೂ ಇದೆ. ಅದನ್ನು ನೋಡಲು ನಾನು ಅಲ್ಲಿರಲೇ ಇಲ್ಲ. ಮುಂದೆ ಎಷ್ಟೋ ಮೇಜುಗಳ ಹಿಂದೆ ಕೂತೆ. ಎದುರು ನಿಂತವರು “ಆಗ್ಲಿ ಸಾರ್” ಎಂದರು. ‘ತಡಿ’ ಎಂಬ ಆ ಎರಡಕ್ಷರವನ್ನು ಮಾತ್ರ ಮತ್ತೆ ಯಾರ ಬಾಯಲ್ಲೂ ಕೇಳಲಿಲ್ಲ...

ಸಭಾಂಗಣದಿಂದ ಬಂದ ಸಂಜೆ ತಂಗಿಗೆ ಫೋನು ಮಾಡಿದೆ. ಅವಳಿಗೂ ಈಗ ವಯಸ್ಸಾಗಿದೆ. ಗಳದಣ್ಣ ಹೇಳಿದ್ದನ್ನು ನಾನು ಅವಳಿಗೆ ತಿಳಿಸಿದ್ದು ಅವಳ ಮದುವೆಯಾಗಿ ಎಷ್ಟೋ ವರ್ಷದ ಮೇಲೆ. ತಾಂಡೇಲರ ನೆನಪಾಯಿತು ಎಂದೆ.

“ಆವತ್ತು ಗಳದಣ್ಣನ ಬೆನ್ನ ಮೇಲೆ ಕೈ ಇಟ್ಕಂಡು ನಿಂತಿದ್ರು” ಎಂದಳು. “ನೀವೆಲ್ಲ ಅವನಿಗೆ ಬೈತಿದ್ರಿ. ಅವ್ರು ಒಂದು ಗಳಿಗೆ ಚಕ್ರ ಬಿಟ್ಟು ಬಂದು ಹಂಗೆ ನಿಂತ್ಕಂಡ್ರು. ನೀನು ನೋಡ್ಲಿಲ್ವಾ?”

ನಾನು ನೋಡಿರಲಿಲ್ಲ. ನನ್ನ ನೆನಪಿನಲ್ಲಿ ಅವರ ಎರಡೂ ಕೈ ಚಕ್ರದ ಮೇಲೇ ಇವೆ.

“ಅಣ್ಣಾ, ಆ ಮರ ಇತ್ತಾ?”

“ಗೊತ್ತಿಲ್ಲ ಕಣೇ.”

“ಇತ್ತು ಅಂತ್ಲೇ ನಾನು ಇಷ್ಟು ವರ್ಷ ಅಂದ್ಕಂಡಿದ್ದು” ಎಂದಳು.

ಗಳದಣ್ಣ ತೀರಿಹೋಗಿ ಎಷ್ಟೋ ಕಾಲವಾಯಿತು. ತಾಂಡೇಲರು ಎಲ್ಲಿ, ಯಾವಾಗ ಹೋದರೋ ತಿಳಿಯದು; ವಿಚಾರಿಸಲು ಅವರ ಊರಿನ ಹೆಸರನ್ನೂ ನಾನು ಕೇಳಿಟ್ಟುಕೊಂಡಿರಲಿಲ್ಲ. ಆ ನೀರಿನ ಮೇಲೆ ಈಗ ಸೇತುವೆ ಬಂದಿದೆ, ಬಸ್ಸುಗಳು ನಿಲ್ಲದೆ ದಾಟುತ್ತವೆ. ಬೆಳಗಾದರೆ ಆ ಹುಡುಗರೆದುರು ನಿಂತು ತಾಂಡೇಲರ ಕಥೆ ಹೇಳಬೇಕು. ಮರ ಇತ್ತಾ ಸರ್ ಎಂದು ಅವರೂ ಕೇಳುತ್ತಾರೆ.