ಕಾರಿನ ಬೆನ್ನ ಮೇಲಿನ ಗೌರಮ್ಮ

ಇವತ್ತು ಬೆಳಿಗ್ಗೆ ಬೀರುವಿನ ಮೇಲಿನ ಧೂಳು ಹೊಡೆಯಲು ಹೋದ ನನ್ನ ತಲೆಯ ಮೇಲೆ ಒಂದು ಕೀಲಿಕೈ ಬಿತ್ತು. ಗಾಬರಿಯಾಗಬೇಡಿ, ರಟ್ಟಿನದು. ಮೂರಡಿ ಉದ್ದ, ಮೇಲೆ ಬಂಗಾರದ ಬಣ್ಣದ ಕಾಗದ. ಹೊಸ ಕಾರು ಕೊಡುವಾಗ ಶೋರೂಮಿನವರು ಕೈಗೆ ಹಿಡಿಸಿ ಫೋಟೊ ತೆಗೆಯುತ್ತಾರಲ್ಲ, ಅದೇ. ಫೋಟೊ ಆದ ಮೇಲೆ ಅದನ್ನು ವಾಪಸ್ ಕೊಡಬೇಕಂತೆ. ನಾನು ಸಂಭ್ರಮದಲ್ಲಿ ಮನೆಗೆ ತಂದುಬಿಟ್ಟಿದ್ದೆ.

"ಗುಜರಿಯೋನಿಗೆ ಹಾಕ್ಲೇನ್ರಿ?" ಅಂದಳು ಹೆಂಡತಿ. ಇದಕ್ಕೆ ಉತ್ತರ ಹೇಳಬೇಕಾದರೆ ನಿಮಗೆ ಹಿಂದಿನದೆಲ್ಲ ಹೇಳಬೇಕು.

ನಾನು ಕಾಲೇಜಿನಲ್ಲಿ ಕರಾರು ಕಾಯ್ದೆ ಪಾಠ ಮಾಡುವವನು. ಓದದೆ ಸಹಿ ಹಾಕಬೇಡಿ ಎಂದು ಇಪ್ಪತ್ತು ವರ್ಷದಿಂದ ಹುಡುಗರ ಮುಂದೆ ಗಂಟಲು ಹರಿದುಕೊಂಡಿದ್ದೇನೆ. ಹರಿಹರ ರಸ್ತೆಯ ಆ ಶೋರೂಮಿನಲ್ಲಿ ತಣ್ಣನೆಯ ಗಾಳಿ, ಬಾದಾಮಿ ಹಾಲು, ಟೈ ಕಟ್ಟಿದ ಸೇಲ್ಸಿನವನ ಬಾಯಲ್ಲಿ ಮಾತಿಗೊಂದು "ಸರ್". ಇಷ್ಟಕ್ಕೇ ನನ್ನ ವಿದ್ಯೆಯೆಲ್ಲ ಕರಗಿತು.

"ಕೊಂಡ್ಕೊಳ್ಳೋದು ಹಳೇ ಕಾಲ್ದೋರ ಪದ್ಧತಿ ಸರ್. ಲೀಸಿಗೆ ತಗೊಳ್ರಿ. ಮೂರು ವರ್ಷ ರಾಜನಂಗೆ ಓಡಿಸ್ರಿ, ಆಮ್ಯಾಲೆ ಇದನ್ನ ಬಿಟ್ಟು ಹೊಸಾದು ಒಯ್ರಿ," ಅಂದ.

ನನಗೆ ಗೊತ್ತಿದ್ದದ್ದು ಮನೆ ಲೀಸು. ಆನೆಕೊಂಡದಲ್ಲಿ ನಾವು ಹಾಗೆಯೇ ಇದ್ದವರು. ಒಂದು ಗಂಟು ಕೊಟ್ಟು, ಮೂರು ವರ್ಷ ಗೋಡೆ ತುಂಬ ಮೊಳೆ ಹೊಡೆದುಕೊಂಡಿದ್ದು, ಹೋಗುವಾಗ ಅಷ್ಟೂ ಗಂಟನ್ನು ವಾಪಸ್ ಇಸಿದುಕೊಂಡು ಬಂದಿದ್ದೆವು. ಕಾರೂ ಹಾಗೇ ಅಂದುಕೊಂಡು ಪೆನ್ಸಿಲ್ ಗುರುತಿದ್ದಲ್ಲೆಲ್ಲ ಸಹಿ ಒತ್ತಿದೆ. ಅವ್ವನಿಗೆ ಮಾತ್ರ ಲೀಸಿನ ಸುದ್ದಿ ಎತ್ತಲಿಲ್ಲ. "ಕಾರು ತಗೊಂಡೆ" ಅಂದೆ.

ಕೆಟ್ಟಿದ್ದು ಅಲ್ಲೇ. ಮಗ ಕಾರು ತಗೊಂಡ ಅಂದ ಮೇಲೆ ಅವ್ವ ಸುಮ್ಮನಿರುತ್ತಾಳೆಯೇ? ಹರಿಹರದ ಗುಡಿ ಮುಂದೆ ಪೂಜೆಯಾಯಿತು. ಪೂಜಾರಿ ಬಾನೆಟ್ಟಿನ ಮೇಲೆ ಅರಿಶಿನ, ಕುಂಕುಮ ಧಾರಾಳವಾಗಿ ಬಳಿದರು. ಅವ್ವ ನಿವಾಳಿಸಿ ಒಗೆದ ಕಾಯಿ ನೆಲಕ್ಕೆ ಹೋಗುವ ದಾರಿಯಲ್ಲಿ ಬಂಪರನ್ನು ಮಾತಾಡಿಸಿಕೊಂಡು ಹೋಯಿತು. ಅಲ್ಲಿಂದ ಸ್ಟಿಕ್ಕರ್ ಕತ್ತರಿಸುವ ದಾದಾಪೀರ್ ಅಂಗಡಿಗೆ ಹೋದೆವು. ಅವರು ಒಳ್ಳೆಯ ಮನುಷ್ಯ, ಕತ್ತರಿ ಹಿಡಿಯುವ ಮುಂಚೆ ಕೇಳಿದರು, "ಗಾಡಿ ನಿಮ್ದೇ ಐತಲ್ರಿ ಸರ್?"

"ಮತ್ಯಾರ್ದು?" ಅಂದೆ. ಅವ್ವ ಪಕ್ಕದಲ್ಲೇ ಇದ್ದಳಲ್ಲ.

ಹಿಂಬಾಗಿಲ ಕೆಂಪು ಬಣ್ಣದ ಮೇಲೆ ಗೇಣುದ್ದದ ಅಕ್ಷರಗಳಲ್ಲಿ 'ಗೌರಮ್ಮ' ಎಂದು ಅವ್ವನ ಹೆಸರು ಅಂಟಿಸಿದರು. ಅವ್ವನಿಗೆ ಓದಲು ಬರುವುದು ಆ ಮೂರಕ್ಷರ ಮಾತ್ರ. ದಿನಾ ಬೆಳಿಗ್ಗೆ ರಂಗೋಲಿ ಹಾಕಿ, ಆ ಹೆಸರನ್ನೊಮ್ಮೆ ಸೆರಗಿನಿಂದ ಒರೆಸಿ ಒಳಗೆ ಬರುತ್ತಿದ್ದಳು. ನಿಜಲಿಂಗಪ್ಪ ಬಡಾವಣೆಯ ನಮ್ಮ ಬೀದಿಯಲ್ಲಿ ಅದು ಗೌರಮ್ಮನ ಕಾರೇ ಆಗಿಹೋಯಿತು.

ಮೂರು ವರ್ಷ ತುಂಬಿತು. ವಾಪಸ್ ಬಿಡುವ ಮುನ್ನ ಅವ್ವನಿಗೆ ಗೊತ್ತಾಗದಂತೆ ದಾದಾಪೀರ್ ಹತ್ತಿರ ಹೋದೆ. ಸ್ಟಿಕ್ಕರ್ ಕಿತ್ತು ಬಂತು, ಹೆಸರು ಹೋಗಲಿಲ್ಲ. ನಮ್ಮೂರ ಬಿಸಿಲಿಗೆ ಸುತ್ತಲಿನ ಬಣ್ಣ ಮಾಸಿ, ಅಕ್ಷರದ ಅಡಿಯ ಕೆಂಪು ಮಾತ್ರ ಹೊಸದರಂತೆ ಉಳಿದಿತ್ತು. "ನಾನು ಅಂಟ್ಸಿದ್ದು ತೆಗೀಬೌದು ಸರ್, ಬಿಸ್ಲು ಬರ್ದಿದ್ದು ಹೆಂಗೆ ತೆಗೀಲಿ?" ಅಂದರು.

ಶೋರೂಮಿನಲ್ಲಿ ಅದೇ ಟೈ. ಬಾದಾಮಿ ಹಾಲಿನ ಬದಲು ಈ ಸಲ ಟಾರ್ಚು. ಬಾನೆಟ್ಟಿನ ಕಲೆ, ಬಂಪರಿನ ಸೀಳು ಎಲ್ಲ ಬರೆದುಕೊಂಡ.

"ಪೂಜೆ ಮಾಡ್ಸಿದ್ದು ಕಣ್ರಿ," ಅಂದೆ.

"ನಮ್ ಲಿಸ್ಟ್‌ನಾಗೆ ಅದಕ್ಕೆ ಡ್ಯಾಮೇಜ್ ಅಂತಾರೆ ಸರ್. ಹನ್ನೊಂದನೇ ಪುಟ ಓದಿಲ್ಲೇನ್ರಿ?"

ಹಿಂಬಾಗಿಲಿಗೆ ಪೂರ್ತಿ ಹೊಸ ಬಣ್ಣ ಹೊಡೆಸಬೇಕೆಂದು ನಾನು ಮೊದಲೇ ಕಟ್ಟಿದ್ದ ಡಿಪಾಜಿಟ್ಟನ್ನೆಲ್ಲ ನುಂಗಿ, ಮೇಲೆ ಇನ್ನಷ್ಟು ಕಕ್ಕಿಸಿದರು. ಕರಾರಿನ ಹನ್ನೊಂದನೇ ಪುಟವನ್ನು ನಾನು ಆಟೊದಲ್ಲಿ ಮನೆಗೆ ಬರುವಾಗ ಓದಿದೆ.

ಅವ್ವನಿಗೆ "ಸರ್ವೀಸಿಗೆ ಬಿಟ್ಟೀನಿ" ಅಂದೆ. ವಾರವಾಯಿತು, ತಿಂಗಳಾಯಿತು. "ಎಂಥಾ ಸರ್ವೀಸೋ! ಹೆರಿಗಿಗೆ ಹೋದೋರು ಇಷ್ಟೊತ್ತಿಗೆ ತೊಟ್ಲ ಸಮೇತ ಬರ್ತಿದ್ರು," ಅನ್ನುತ್ತಿದ್ದಳು. ನಾನು ನಗುತ್ತಿದ್ದೆ. ಒಳಗೆ ನಾಚಿಕೆ ಕೊರೆಯುತ್ತಿತ್ತು. ತನ್ನ ಹೆಸರಿನ ಕಾರು ಎಂದು ಬೀದಿಗೆಲ್ಲ ಹೇಳಿಕೊಂಡವಳಿಗೆ ಅದು ಎರವಲಿನದೆಂದು ಯಾವ ಬಾಯಲ್ಲಿ ಹೇಳಲಿ?

ಹೋದ ವಾರ ಹರಿಹರದಲ್ಲಿ ನಾನೂ ಅವ್ವನೂ ಬಸ್ಸಿಗೆ ನಿಂತಿದ್ದೆವು. ಎದುರಿಗೆ ಒಂದು ಕೆಂಪು ಕಾರು ನಿಂತಿತು. ಯಾರೋ ಗುರುತಿಲ್ಲದವರು ಇಳಿದು ಬಾಳೆಹಣ್ಣು ಕೊಂಡರು. ಅವ್ವ ನನ್ನ ತೋಳು ಹಿಡಿದಳು. ಹಿಂಬಾಗಿಲ ಮೇಲೆ, ಮಾಸಿದ ಕೆಂಪಿನ ನಡುವೆ, 'ಗೌರಮ್ಮ'. ಬಣ್ಣಕ್ಕೆಂದು ನನ್ನನ್ನು ಸುಲಿದವರು ಒಂದು ಹನಿ ಬಣ್ಣವನ್ನೂ ಮುಟ್ಟಿಸಿರಲಿಲ್ಲ. ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ನಿಂತ ಕಾಲಲ್ಲೇ ಎಲ್ಲ ಒಪ್ಪಿಕೊಂಡೆ.

"ಕಾರ್ ಹೋದ್ರೆ ಹೋಗ್ಲಿ. ನನ್ ಹೆಸ್ರು ಯಾಕ ಕೊಟ್ಟು ಬಂದಿ?" ಅಂದಳು. ಕಾರು ಹೊರಟಿತು. ಅದು ತಿರುವು ದಾಟುವವರೆಗೆ ನೋಡಿ, "ನೋಡಲ್ಲಿ, ನಾನು ಕಾರ್ನಾಗೆ ಹೊಂಟೀನಿ. ನೀನು ಬಸ್ಸು ಕಾಯಿ," ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಈಗ ಹೆಂಡತಿ ಇನ್ನೂ ಆ ಕೀಲಿಕೈ ಹಿಡಿದು ನಿಂತಿದ್ದಾಳೆ. "ಗುಜರಿಗೆ ಬ್ಯಾಡ," ಅಂದೆ. "ನಾಳೆ ಕಾಲೇಜಿಗೆ ಒಯ್ತೀನಿ. ಕರಾರು ಪಾಠಕ್ಕೆ ಬೇಕು."

ಒಳಗಿನಿಂದ ಅವ್ವನ ದನಿ ಬಂತು. "ಒಯ್ಯಿ. ಆದ್ರೆ ಅದ್ರ ಮ್ಯಾಲೆ ಈ ಸಲ ನಿನ್ ಹೆಸ್ರು ಬರ್ಕೋ."

ಗೇಣುದ್ದದ ಅಕ್ಷರಗಳಲ್ಲಿ ಬರೆದುಕೊಂಡೆ.