ರಾಯದುರ್ಗದಲ್ಲಿ ಕಡಲಾಮೆಯ ಜಾಡು

ದೆವ್ವ, ಪವಾಡ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಒಳಗೆ ಹೋಗುವವಳು. ಈಗಲೂ ಅಂಥದ್ದರಲ್ಲಿ ನನಗೆ ನಂಬಿಕೆಯಿಲ್ಲ. ಆದರೂ ಹೋದ ವರ್ಷ ಬಳ್ಳಾರಿ ಕಡೆಯ ರಾಯದುರ್ಗದ ನಮ್ಮ ಅಂಗಡಿಯಲ್ಲಿ ಕಂಡದ್ದನ್ನು ಕಾಣಲಿಲ್ಲ ಅನ್ನಲಾರೆ. ನಗುವುದಾದರೆ ನಗಿ.

ನಮ್ಮದು ಜೀನ್ಸ್ ಹೊಲಿಯುವ ಅಂಗಡಿ. ನಮ್ಮ ಮಿಷನ್ನುಗಳು ದಪ್ಪ ಬಟ್ಟೆಗೆ ಒಗ್ಗುತ್ತವೆಂದು ಕರಾವಳಿಯ ಒಂದು ರೆಸಾರ್ಟಿನವರು ಹರಿದ ಡೇರೆಗಳನ್ನು ರಿಪೇರಿಗೆ ಕಳಿಸಿದ್ದರು. ವ್ಯಾನಿನಿಂದ ಇಳಿಸಿದಾಗ ಮಡಿಕೆಗಳಿಂದ ಬರೀ ಮರಳು. ಬೈದುಕೊಂಡೇ ಗುಡಿಸಿ, ನೆಲ ಒರೆಸಿ, ಬೀಗ ಹಾಕಿದೆವು. ನಮ್ಮ ಅತ್ತೆ ಮಾಡಿದ ಪದ್ಧತಿಯೊಂದಿದೆ: ಅವರು ಮೊದಲು ಕೊಂಡ ಮಿಷನ್ನಿನ ಬಲ್ಬು ರಾತ್ರಿಯಿಡೀ ಉರಿಯಬೇಕು, ಲಕ್ಷ್ಮಿ ಇರುವ ಜಾಗ ಕತ್ತಲಾಗಬಾರದು. ಅಂದೂ ಉರಿಯುತ್ತಿತ್ತು.

ಬೆಳಿಗ್ಗೆ ಬಾಗಿಲು ತೆಗೆದರೆ ಒರೆಸಿದ ನೆಲದ ಮೇಲೆ ತೆಳ್ಳಗೆ ಹಸಿ ಮರಳು. ಅದರಲ್ಲಿ ಡೇರೆಗಳ ರಾಶಿಯಿಂದ ಹೊರಟು ಸೀದಾ ಆ ಬಲ್ಬಿನ ಮಿಷನ್ನಿನ ಕಾಲಿನವರೆಗೆ ಪುಟ್ಟ ಪುಟ್ಟ ಗುರುತುಗಳು, ಜೋಡಿ ಹೊಲಿಗೆ ಹಾಕಿದ ಹಾಗೆ. ಇಲಿಯದಲ್ಲ, ಹಲ್ಲಿಯದಲ್ಲ. ಕೆಲಸದ ಹುಡುಗಿಯರ ಕುಚೇಷ್ಟೆ ಎಂದು ಅವರ ಮೇಲೆ ರೇಗಿದೆ. ಕೀಲಿಯೇನೋ ನನ್ನ ಸೊಂಟದಲ್ಲೇ ಇತ್ತು.

ಡೇರೆ ತಂದ ಡ್ರೈವರ್ ಕರಾವಳಿಯವನೇ, ರಾತ್ರಿ ವ್ಯಾನಿನಲ್ಲೇ ಮಲಗಿದ್ದ. ಕರೆದು ತೋರಿಸಿದರೆ ಅಲ್ಲೇ ಕೂತುಬಿಟ್ಟ. ಕಡಲಾಮೆ ಮರಿಗಳ ಜಾಡು ಹೀಗೇ ಇರುತ್ತದೆ ಎಂದ. ಮೊಟ್ಟೆಯೊಡೆದ ಮರಿಗಳು ನೀರಿನ ಹೊಳಪು ನೋಡಿಕೊಂಡು ಕಡಲಿಗಿಳಿಯಬೇಕು. ರೆಸಾರ್ಟಿನವರು ದಂಡೆಯ ಮೇಲೇ ಡೇರೆ ಹಾಕಿ ಲೈಟಿನ ಸರ ಬಿಟ್ಟ ಮೇಲೆ ಅವು ರಸ್ತೆ ಕಡೆ ತೆವಳಿ ಗಾಡಿಗಳ ಕೆಳಗೆ, ನಾಯಿಗಳ ಬಾಯಿಗೆ ಹೋಗುತ್ತವಂತೆ. ಮೀನುಗಾರರು ಹೇಳಿ ಹೇಳಿ ಸಾಕಾಗಿದ್ದಾರಂತೆ.

"ಬೆಳಕಿದ್ದ ಬದಿಗೇ ಹೋಗ್ತವೆ ಅಕ್ಕಾ, ಅವಕ್ಕೆ ಬೇರೆ ಗೊತ್ತಿಲ್ಲ," ಎಂದ.

ನನ್ನ ಮೈಯೆಲ್ಲ ಉರಿದುಹೋಯಿತು. ರೆಸಾರ್ಟಿನ ಮ್ಯಾನೇಜರಿಗೆ ಫೋನ್ ಮಾಡಿ, ಮರಿ ಬರುವ ದಿನಗಳಲ್ಲಾದರೂ ದೀಪ ಆರಿಸಿ, ಡೇರೆ ಹಿಂದಕ್ಕೆ ಸರಿಸಿ ಎಂದೆ. ಆಮೆ ತೋರಿಸುತ್ತೇವೆ ಎಂದು ಬೋರ್ಡು ಹಾಕಿ ಜನರನ್ನು ಕರೆಯುವವನೂ ಅವನೇ ಅಂತೆ, ನಾಚಿಕೆಗೆಟ್ಟವನು!

"ಕತ್ತಲಲ್ಲಿ ಕೂರೋಕೆ ಯಾರ್ರೀ ದುಡ್ಡು ಕೊಟ್ಟು ಬರ್ತಾರೆ?" ಎಂದು ನಕ್ಕ.

"ಹಂಗಾದ್ರ ಬರಬ್ಯಾಡ ಅನ್ರಿ. ನಿಮ್ಮ ಡೇರೆ ನಾ ಹೊಲಿಯಂಗಿಲ್ಲ," ಎಂದೆ.

ಬಳ್ಳಾರಿಯಲ್ಲಿ ಹೊಲಿಸಿಕೊಳ್ಳುತ್ತೇನೆ, ನಾಳೆ ಡ್ರೈವರ್ ಕೈಗೆ ಕೊಡಿ ಎಂದು ಫೋನ್ ಇಟ್ಟ.

ಗುರುತುಗಳನ್ನು ಗುಡಿಸಲು ಕೈ ಬರಲಿಲ್ಲ. ಸಂಜೆ ಅತ್ತೆ ಬೇಡ ಬೇಡ ಎಂದರೂ ಬಲ್ಬು ಆರಿಸಿ ಬೀಗ ಹಾಕಿದೆ. ಮರುದಿನ ಡ್ರೈವರ್ ಎದುರೇ ತೆಗೆದೆ. ಜಾಡು ಮಿಷನ್ನಿನ ಹತ್ತಿರದಿಂದ ತಿರುಗಿ ಬಾಗಿಲಿಗೆ ಬಂದಿತ್ತು, ಹೊಸ್ತಿಲಿಗೆ ಒತ್ತಿಕೊಂಡು ನಿಂತುಬಿಟ್ಟಿತ್ತು. ಅವನು ಡೇರೆ ಹೇರಿಕೊಂಡು ಹೋದ.

ಅದು ಏನು, ಹೇಗಾಯಿತು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ, ಕೇಳಬೇಡಿ. ನಮ್ಮ ಬಾಗಿಲಾಚೆ ಬಜಾರು, ಅದರಾಚೆ ಬೆಟ್ಟ. ಆ ಹಾಳಾದವನು ದೀಪ ಆರಿಸಲಿಲ್ಲ. ನಾನು ಆರಿಸಿದೆ, ಸರಿ. ಕಡಲನ್ನು ಎಲ್ಲಿಂದ ತರಲಿ?