ಕಾಕಾ ನಂಬದ ಡೈನಮೋ

ಮೊನ್ನೆ ಎದುರುಮನೆ ಕಾಕೂ ಅಟ್ಟದಿಂದ ಒಂದು ಸೈಕಲ್ ಗಾಲಿ ಇಳಿಸಿಕೊಟ್ಟರು. ಮೆಣಸಿನಕಾಯಿ ಚೀಲದಲ್ಲಿ ಸುತ್ತಿಟ್ಟಿದ್ದರು. ಬಿಚ್ಚುತ್ತಿದ್ದಂತೆ ಘಾಟು ಮೂಗಿಗೆ ಹೊಡೆದು ಸಾಲಾಗಿ ಸೀನು. ಬ್ಯಾಡಗಿಯಲ್ಲಿ ಸೀನಿಗೆ ಯಾರೂ ಕಾರಣ ಕೇಳುವುದಿಲ್ಲ. ಆದರೆ ಗಾಲಿ ತಿರುಗಿಸಿದಾಗ ಅದರ ನಡುವಿನ ಗುಂಬ, ಆ ಹಬ್ಬಿನೊಳಗಿನ ಅಯಸ್ಕಾಂತ ಬೆರಳಿಗೆ ತಡೆ ತಡೆದು ತಾಗಿತು ನೋಡಿ, ಕಣ್ಣು ತುಂಬಿತು. ಘಾಟು ಅಂತ ಕಾಕೂಗೆ ಹೇಳಿದೆ. "ನೀ ಅತ್ರೂ ಯಾರ್ದೋ ನಕಲು ಮಾಡಿದಂಗ ಕಾಣ್ತದೋ," ಅಂದರು.

ಅವರ ಯಜಮಾನರು, ನಮ್ಮ ಕಾಕಾ, ಮೆಣಸಿನಕಾಯಿ ಪೇಟೆಯಲ್ಲಿ ಖರೀದಿದಾರರ ಪರವಾಗಿ ಮಾಲು ನೋಡುತ್ತಿದ್ದರು. ಚೀಲದ ಬಾಯಲ್ಲಿ ಕೆಂಪಗೆ ನಗುವ ಕಾಯಿಯನ್ನು ಎಂದೂ ನಂಬಿದವರಲ್ಲ. ಮೊಣಕೈವರೆಗೆ ತೋಳಿಳಿಸಿ ತಳದಿಂದ ಹಿಡಿ ಎತ್ತಿ, ಒಂದನ್ನು ಮುರಿದು ಮೂಸಿ, "ಹ್ಞಾಂ... ಈಗ ಮಾತಾಡು," ಅನ್ನುತ್ತಿದ್ದರು. ಓಣಿಯವರ ದನಿಯೆಲ್ಲ ಕದ್ದು ನನ್ನದೇ ದನಿ ಮರೆತವನು ನಾನು. ಲಗ್ನದೂಟದಲ್ಲಿ ನಾನು ಅವರ ಹಾಗೇ ಬುಂದೆ ಬುಟ್ಟಿಗೆ ತೋಳಿಳಿಸಿ "ಹ್ಞಾಂ" ಅಂದರೆ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಕಾಕಾನೇ.

ಶನಿವಾರ ನಸುಕಿನಲ್ಲಿ ಕದರಮಂಡಲಗಿ ಹನುಮಪ್ಪನಿಗೆ ಸೈಕಲ್ ಮೇಲೆ ಹೋಗುವುದು ಅವರ ನೇಮ. ದಾರಿಗೆ ಬೆಳಕಿರಲೆಂದು ಮಗಳು ರಾಣೇಬೆನ್ನೂರಿನ ಅಂಗಡಿಯಲ್ಲಿ ಈ ಮುಂದಿನ ಗಾಲಿ ಹಾಕಿಸಿಕೊಟ್ಟಳು. ಡೈನಮೋ ಹಬ್ಬಿನೊಳಗೇ. "ಲೈಟ್ ಆರಿಸಿದ್ರ ಡೈನಮೋ ಐತಿ ಅನ್ನೂದಾ ಗೊತ್ತಾಗಂಗಿಲ್ರಿ," ಅಂದ ಅಂಗಡಿಯವ.

ಕಾಕಾನ ಸಂಶಯಕ್ಕೆ ಅಷ್ಟು ಸಾಕಾಯಿತು. "ಪುಕ್ಕಟೆ ಬೆಳಕು ಕೊಡಾಂವ ಸೂರ್ಯಾ ಒಬ್ಬನಾ. ಇದು ನನ್ನ ಕಾಲು ತಿನ್ನಾಕತ್ತೈತಿ."

ಕೆಲವು ತಿಂಗಳಲ್ಲಿ ದಾರಿಯ ಏರು ಬಂದಾಗ ಅವರು ಇಳಿದು ಸೈಕಲ್ ತಳ್ಳತೊಡಗಿದರು. ಆರೋಪಿ ಸಿದ್ಧವಾಗಿಯೇ ಇತ್ತು. ಅಂಗಳದಲ್ಲಿ ಸೈಕಲ್ ತಲೆಕೆಳಗು ಮಾಡಿ ಗಾಲಿ ತಿರುವಿದರು, ಬೇಗ ನಿಂತಿತು. ಹಳೆಯ ಗಾಲಿ ಹಾಕಿ ತಿರುವಿದರೆ, ಚಾ ಕುಡಿದು ಮುಗಿದರೂ ತಿರುಗುತ್ತಲೇ ಇತ್ತು.

"ನೋಡಿದ್ಯಾ ಮಂಗ್ಯಾ, ತಳದಾಗ ಏನೈತಿ?"

"ಕಾಕಾ, ಗಾಳ್ಯಾಗ ತಿರುಗೂ ಗಾಲಿಗೆ ನೊಣ ಕುಂತ್ರೂ ಭಾರ. ನೀವು ಹತ್ತಿ ಕುಂತ ಮ್ಯಾಲೆ ಡೈನಮೋ ಯಾವ ಲೆಕ್ಕ?"

ಹೊಟ್ಟೆ ಸವರಿಕೊಂಡು ನಕ್ಕರು. ನಂಬಲಿಲ್ಲ.

ಹಳೆಯ ಗಾಲಿಯಲ್ಲೇ ಹೊರಟ ಶನಿವಾರ ನಾನೂ ಜೊತೆಗಿದ್ದೆ. ಅದೇ ಏರು. ಅವರು ಮತ್ತೆ ಇಳಿದರು. ಹ್ಯಾಂಡಲ್ ಮೇಲೆ ಬಾಗಿ ನಿಂತು, ಉಸಿರು ಕೂಡಿಸಿಕೊಂಡು, "ಬೇರಿಂಗ್ ಒಣಗ್ಯಾವು," ಅಂದರು. ಇಬ್ಬರೂ ಕುಕ್ಕರಗಾಲಲ್ಲಿ ಕೂತು ಬೇರಿಂಗ್ ನೋಡಿದೆವು... ಗಾಲಿಯನ್ನೇ ನೋಡಿದೆವು.

ಮುಂದಿನ ಪೇಟೆಯ ದಿನ, ಚೀಲಗಳ ನಡುವೆ ಕೂತವರು ಏಳಲಿಲ್ಲ. ಹಾವೇರಿಗೆ ಒಯ್ಯುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಎದೆ ಬಹಳ ದಿನದಿಂದ ಸೋತಿತ್ತಂತೆ; ಏರು ಹತ್ತುವಾಗ ದಮ್ಮು ಕಟ್ಟುತ್ತಿರಲಿಲ್ಲವೇ ಅಂತ ಡಾಕ್ಟರು ಕೇಳಿದರು. ಕಾಕೂ ಇಂದಿಗೂ ಅದನ್ನೇ ಅನ್ನುತ್ತಾರೆ: "ಮಂದಿ ಚೀಲಕ್ಕೆಲ್ಲಾ ಕೈ ಹಾಕಿದ್ರು. ತಮ್ಮ ಎದಿ ಮ್ಯಾಲೊಮ್ಮೆ ಕೈ ಇಟ್ಕೊಳ್ಳಲಿಲ್ಲ ನೋಡು."

ಈ ಶನಿವಾರ ಆ ಗಾಲಿಯನ್ನು ನನ್ನ ಸೈಕಲ್ಲಿಗೆ ಹಾಕಿಸಿಕೊಂಡು ಅದೇ ಏರು ಹತ್ತಿದೆ. ಲೈಟ್ ಹಚ್ಚಿ ಒಮ್ಮೆ, ಆರಿಸಿ ಒಮ್ಮೆ. ಅಂಗಡಿಯವ ಹೇಳಿದ್ದು ಪೂರ್ತಿ ಖರೇ ಅಲ್ಲ, ಬೆರಳಿಗೆ ತಾಗಿದ ತಡೆ ಸುಳ್ಳಲ್ಲವಲ್ಲ. ಆದರೆ ಕಾಲಿಗೆ ಅದರ ಸುಳಿವೂ ಸಿಗಲಿಲ್ಲ. ಏರಿನ ತುದಿಯಲ್ಲಿ ನಿಂತು, ರೂಢಿಯಂತೆ, "ಹ್ಞಾಂ... ಈಗ ಮಾತಾಡು," ಅಂದೆ. ದನಿ ಥೇಟ್ ಅವರದೇ ಬಂತು.

ಜೋರಾಗಿ ನಗುವವರು ಇರಲಿಲ್ಲ.